ಗಣನಾಥ ಸರ್ ತಿದ್ದಿದ ಒಂದು ಪದ

ಕರಾವಳಿಯ ಒಂದು ಸಣ್ಣ ಪೇಟೆ. ಮೆಡಿಕಲ್ ಶಾಪಿನ ಮೇಲಿನ ಕೋಣೆಯಲ್ಲಿ ಗಣನಾಥ ಸರ್ ಅವರ ಸ್ಪೋಕನ್ ಇಂಗ್ಲಿಷ್ ಕ್ಲಾಸ್.

ಕಾಲೇಜು ಮಕ್ಕಳ ಹಿಂದೆ, ಕೊನೆಯ ಬೆಂಚಿನಲ್ಲಿ ಒಬ್ಬ ವಯಸ್ಸಾದ ಹೆಂಗಸು ಕೂರುತ್ತಿದ್ದಳು... ಜಲಜಾಕ್ಷಿ. ಬೀಡಿ ಕಟ್ಟಿ ಒಬ್ಬಳೇ ಮಗಳನ್ನು ಸಾಕಿದವಳು.

ಉಳಿದವರಿಗೆ ಇಂಗ್ಲಿಷ್ ಬೇಕಾಗಿದ್ದದ್ದು ಇಂಟರ್‌ವ್ಯೂಗೆ. ಅವಳಿಗೆ ಬೇಕಾಗಿದ್ದದ್ದು ಒಂದೇ ಒಂದು ಪ್ರಶ್ನೆ ಕೇಳಲಿಕ್ಕೆ.

ಮಗಳು ಬಬಿತಾ ಗಲ್ಫಿಗೆ ಕ್ಲೀನಿಂಗ್ ಕೆಲಸಕ್ಕೆ ಹೋಗಿದ್ದಳು. ವಾಪಸ್ ಬಂದದ್ದು ಪೆಟ್ಟಿಗೆಯಲ್ಲಿ.

ಜ್ವರ ಬಂದು ತೀರಿಕೊಂಡಳು ಎಂದರು ಕಂಪನಿಯವರು. ಅದಕ್ಕಿಂತ ಹೆಚ್ಚು ಒಂದು ಮಾತಿಲ್ಲ. ಉತ್ತರಕ್ರಿಯೆಯ ಬೊಜ್ಜ ಮುಗಿಯಿತು, ನೆಂಟರು ಹೋದರು... ತಾಯಿಗೆ ಮಾತ್ರ ಒಂದೇ ಪ್ರಶ್ನೆ ಉಳಿಯಿತು.

ಸಾಯುವಾಗ ನನ್ನ ಮಗು ಒಬ್ಬಳೇ ಇದ್ದಳಾ?

ಅದನ್ನು ಹೇಳಬಲ್ಲವಳು ಮಾರಿಸೆಲ್ ಒಬ್ಬಳೇ. ಬಬಿತಾಳ ಜೊತೆ ಒಂದೇ ರೂಮಿನಲ್ಲಿದ್ದ ಫಿಲಿಪೈನ್ಸಿನ ಹುಡುಗಿ. ಆಗಾಗ ವಾಯ್ಸ್ ಮೆಸೇಜ್ ಕಳುಹಿಸಿ ಅಳುತ್ತಿದ್ದಳು. ಜಲಜಾಕ್ಷಿ ಥ್ಯಾಂಕ್ಯೂ ಎನ್ನುವಳು... ಮುಂದೆ ಮಾತು ಹೊರಡುತ್ತಿರಲಿಲ್ಲ.

ಗಣನಾಥ ಸರ್ ಒಳ್ಳೆಯವರೇ. ಆದರೆ ಉಚ್ಚಾರ ಅಂದರೆ ಅವರಿಗೆ ಪ್ರಾಣ. ಕ್ಲಾಸಿನಲ್ಲಿ ಒಂದು ಪದ್ಧತಿಯಿತ್ತು... ತಪ್ಪು ಹೇಳಿದವರು ಎದ್ದು ನಿಂತು ಆ ಪದವನ್ನು ಮೂರು ಸಲ ಹೇಳಬೇಕು. ಮೂರನೆಯದಕ್ಕೆ ಎಲ್ಲರೂ ಚಪ್ಪಾಳೆ ತಟ್ಟಬೇಕು.

ಜಲಜಾಕ್ಷಿಯ ಬಾಯಲ್ಲಿ ಮದರ್ ‘ಮದರು’ ಆಗುತ್ತಿತ್ತು, ಫೋನ್ ‘ಫೋನು’ ಆಗುತ್ತಿತ್ತು.

"ಜಲಜಕ್ಕಾ, ಇಂಗ್ಲಿಷಿಗೆ ಬಾಲ ಕಟ್ಟುದು ಯಾಕೆ ಮಾರಾಯ್ರೆ? ಅದೇನು ಗಾಳಿಪಟವಾ?"

ಸರ್ ಮಾತಿಗೆ ಎಲ್ಲರೂ ನಕ್ಕರು. ಮೊದಮೊದಲು ಅವಳೂ ನಕ್ಕಳು. ಆಮೇಲಾಮೇಲೆ ಬಾಯಿ ತೆರೆಯುವುದನ್ನೇ ಬಿಟ್ಟಳು.

ಒಂದು ಸಂಜೆ ಮಾರಿಸೆಲ್‌ಳ ಮೆಸೇಜ್ ಬಂತು. ನಾಳೆ ಊರಿಗೆ ಹೋಗುತ್ತಿದ್ದಾಳೆ, ಈ ನಂಬರ್ ಇನ್ನಿರುವುದಿಲ್ಲ... ಅಷ್ಟು ಜಲಜಾಕ್ಷಿಗೆ ಅರ್ಥವಾಯಿತು. ನೇರ ಕ್ಲಾಸಿಗೆ ಬಂದು ಫೋನನ್ನು ಸರ್ ಮುಂದೆ ಹಿಡಿದು, ಮೊದಲ ಸಲ ಎಲ್ಲವನ್ನೂ ಹೇಳಿದಳು.

"ನಂಗೆ ಬಾಯಿ ಬರುದಿಲ್ಲ ಸರ್. ನೀವೇ ಕೇಳಿ... ಸಾಯುವಾಗ ಅವಳ ಹತ್ರ ಯಾರಾದ್ರೂ ಇದ್ರಾ ಅಂತ."

ಸರ್ ಕಣ್ಣು ಒದ್ದೆಯಾಯಿತು. ಕಾಲ್ ಮಾಡಿ, ಸ್ಪೀಕರಿಗೆ ಹಾಕಿ, ಬಹಳ ಮೃದುವಾಗಿ, ಬಹಳ ಚೆಂದದ ಇಂಗ್ಲಿಷಿನಲ್ಲಿ ಕೇಳಿದರು.

ಆ ಕಡೆಯ ದನಿ ನಡುಗುತ್ತ, ಓಡುತ್ತ ಬಂತು. ಅವಳ ಊರಿನ ಇಂಗ್ಲಿಷೇ ಬೇರೆ. ಬಾತ್‌ರೂಮಿಗೆ ಅವರು ಕಂಫರ್ಟ್ ರೂಮ್ ಎನ್ನುತ್ತಾರೆ. ‘ಫ’ ಬರುವಲ್ಲಿ ‘ಪ’, ‘ವ’ ಬರುವಲ್ಲಿ ‘ಬ’. ಸರ್ ಹುಬ್ಬು ಗಂಟಾಯಿತು.

"ಶಿ ಹ್ಯಾಬ್ ಪೀಬರ್, ಸರ್... ಬೆರಿ ಹೈ ಪೀಬರ್..."

ಆಗ ಸರ್ ಬಾಯಿಂದ ಬಂದದ್ದು ಎಷ್ಟೋ ವರ್ಷಗಳ ಅಭ್ಯಾಸ.

"ನಾಟ್ ಪೀಬರ್. ಫೀವರ್. ರಿಪೀಟ್ ಆಫ್ಟರ್ ಮಿ... ಫೀವರ್."

ಆ ಹುಡುಗಿ ಹೇಳಿದಳು. ತಪ್ಪಾಯಿತು. ಮತ್ತೆ ಹೇಳಿದಳು. ಮೂರನೆಯ ಸಲಕ್ಕೆ ಯಾರೋ ರೂಢಿಯಂತೆ ಚಪ್ಪಾಳೆ ತಟ್ಟಿಬಿಟ್ಟರು... ಒಂದಿಬ್ಬರು ನಕ್ಕೂಬಿಟ್ಟರು.

ಆ ಕಡೆಗೆ ಆ ನಗು ಕೇಳಿಸಿತು.

"ಸಾರಿ ಸರ್... ಮೈ ಇಂಗ್ಲಿಷ್ ನೋ ಗುಡ್."

ಫೋನ್ ಕಟ್.

ಸರ್ ಮತ್ತೆ ಕಾಲ್ ಮಾಡಿದರು. ರಿಂಗ್ ಆಯಿತು, ಎತ್ತಲಿಲ್ಲ. ಮತ್ತೆ ಮಾಡಿದರು... ಸ್ವಿಚ್ ಆಫ್.

ಜಲಜಾಕ್ಷಿ ಬೈಯಲಿಲ್ಲ. ಫೋನ್ ತೆಗೆದುಕೊಂಡು ಹೊರಗೆ ಮೆಟ್ಟಿಲ ಮೇಲೆ ಕುಳಿತಳು. ಆ ಹುಡುಗಿಯ ಬಾಯಿ ಹೇಗೆ ಕಟ್ಟಿತು ಎಂದು ಅವಳಿಗಿಂತ ಚೆನ್ನಾಗಿ ಬಲ್ಲವರು ಅಲ್ಲಿ ಯಾರೂ ಇರಲಿಲ್ಲ.

ಹೆಬ್ಬೆರಳಿನಿಂದ ಮೈಕ್ ಗುಂಡಿ ಒತ್ತಿದಳು.

"ಮಾರಿಸೆಲ್ಲು... ಐ ಬಬಿತಾ ಮದರು. ಮೈ ಇಂಗ್ಲಿಷು ಆಲ್ಸೋ ನೋ ಗುಡ್ಡು. ಯು ಟಾಕು... ಐ ಹಿಯರು. ಮೈ ಡಾಟರು... ಅಲೋನು?"

ಮಕ್ಕಳು ಚೀಲ ಎತ್ತಿಕೊಂಡು ಒಬ್ಬೊಬ್ಬರಾಗಿ ಅವಳ ಪಕ್ಕದಿಂದ ಇಳಿದುಹೋದರು. ಯಾರೂ ಮುಖ ಎತ್ತಲಿಲ್ಲ. ಸರ್ ಬಾಗಿಲಲ್ಲೇ ನಿಂತಿದ್ದರು.

ಬಹಳ ಹೊತ್ತಾದ ಮೇಲೆ ಮಾರಿಸೆಲ್ ಫೋನ್ ಆನ್ ಮಾಡಿದಳು, ಉತ್ತರ ಬಂತು.

ಮೈ ಸುಡುತ್ತಿದ್ದರೂ ರಜೆ ಕೊಟ್ಟಿರಲಿಲ್ಲವಂತೆ. ಬಾತ್‌ರೂಮಿನಲ್ಲಿ ಬಿದ್ದಳಂತೆ. ಅವರಿದ್ದ ಕಟ್ಟಡದ ಗೇಟಿಗೆ ರಾತ್ರಿ ಬೀಗ. ಎಷ್ಟು ಬಡಿದರೂ ಸೂಪರ್‌ವೈಸರ್ ತೆರೆಯಲಿಲ್ಲ, ಕಂಪನಿಯ ಗಾಡಿ ಬೆಳಿಗ್ಗೆ ಬರುತ್ತದೆ ಎಂದನಂತೆ. ಬೆಳಿಗ್ಗೆ ಗಾಡಿ ಬಂತು... ಬಬಿತಾ ಇರಲಿಲ್ಲ.

ಆಮೇಲೆ ಮಾರಿಸೆಲ್‌ಳ ದನಿ ತಗ್ಗಿತು.

"ನೋ ಅಲೋನ್, ಮಾಮ್. ಐ ಹೋಲ್ಡ್ ಹರ್. ಶಿ ಕಾಲ್ ಅಮ್ಮಾ... ಅಮ್ಮಾ... ಐ ನೋ ಅಮ್ಮಾ ಈಸ್ ಮದರ್. ಸೋ ಐ ಸೇ ಎಸ್... ಎಸ್, ಐ ಆಮ್ ಹಿಯರ್. ದೆನ್ ಶಿ ಸ್ಲೀಪ್."

ಸರ್ ಕನ್ನಡದಲ್ಲಿ ಹೇಳಲು ಹೊರಟರು. ಜಲಜಾಕ್ಷಿ ಕೈ ಎತ್ತಿ ತಡೆದಳು.

"ಬೇಡ ಸರ್. ನಂಗೆ ಪೂರಾ ಗೊತ್ತಾಯ್ತು."

ಪೆಟ್ಟಿಗೆ ಬಂದ ದಿನವೂ ಅಳದಿದ್ದವಳು ಅಂದು ಮೆಟ್ಟಿಲ ಮೇಲೆ ಕುಳಿತು ಎದೆ ಬಿರಿಯುವಂತೆ ಅತ್ತಳು.

ಸರ್ ಆ ರಾತ್ರಿಯೇ ಮಾರಿಸೆಲ್‌ಳ ನಂಬರಿಗೆ ಕ್ಷಮೆ ಕೇಳಿ ಒಂದು ಮೆಸೇಜ್ ಕಳುಹಿಸಿದರು.

ಒಂದೇ ಟಿಕ್ ಬಿತ್ತು... ಇವತ್ತಿಗೂ ಒಂದೇ ಟಿಕ್.

🙏 *ಪದವನ್ನು ಆಮೇಲೆ ತಿದ್ದಬಹುದು... ಮಾತು ನಿಂತುಹೋದರೆ ಮತ್ತೆ ಸಿಗುವುದಿಲ್ಲ.*

ನೀವು ನಕ್ಕದ್ದರಿಂದ ಅರ್ಧಕ್ಕೇ ಮಾತು ನಿಲ್ಲಿಸಿದವರು ಯಾರಾದರೂ ಇದ್ದಾರೆಯೇ... ಅವರು ಏನು ಹೇಳಲು ಬಂದಿದ್ದರು, ನಿಮಗೆ ಗೊತ್ತೇ?