ಮುಯ್ಯಿ ಕರೆಂಟು

ತಿಪ್ಪಕ್ಕನ ಮನೆಯಲ್ಲಿ ಕಾವು ಕೂರುವ ಕೋಳಿ ಇರಲಿಲ್ಲ. ಮರದ ಪೆಟ್ಟಿಗೆಯಲ್ಲಿ ಬಲ್ಬು ಉರಿಸಿ ಅವಳೇ ಮೊಟ್ಟೆಗಳಿಗೆ ಕಾವು ಕೊಡುತ್ತಿದ್ದಳು. ವಿದ್ಯುತ್ ಹಂಚಿಕೆ ಕಾಯ್ದೆ ಬಂದಮೇಲೆ ಮನೆಗೆ ದಿನಕ್ಕೆ ಎರಡೇ ಯೂನಿಟ್. ಬಲ್ಬಿಗೆ ಅಷ್ಟು ಸಾಕಿತ್ತು.

ನಮ್ಮ ಬೀದಿಯಲ್ಲಿ ಯಾರ ಯೂನಿಟ್ ಯಾರಿಗೆಂದು ಬರೆಯುವವನು ನಾನು. ಮದುವೆ ಮನೆಗೆ ಈಗ ಎಲ್ಲರೂ ತಮ್ಮ ಒಂದು ದಿನದ ಕರೆಂಟನ್ನೇ ಮುಯ್ಯಿ ಮಾಡುತ್ತಾರೆ. ಮನೆಯವರನ್ನು ಕೇಳಿಯೇ ಬರೆಯಬೇಕೆಂದು ಕಾಯ್ದೆ ಹೇಳುತ್ತದೆ. ನನ್ನ ತಂಗಿಯ ಮದುವೆಗೆ ಬರೆಯುವಾಗ ತಿಪ್ಪಕ್ಕ ಸಂತೆಗೆ ಹೋಗಿದ್ದಳು. ಮುಯ್ಯಿಗೆ ಯಾರೂ ಇಲ್ಲ ಅನ್ನುವುದಿಲ್ಲವೆಂದು ಅವಳ ಹೆಸರನ್ನೂ ಬರೆದುಬಿಟ್ಟೆ.

ಮದುವೆಯ ದಿನ ತಿಪ್ಪಕ್ಕ ಬೆಳಗಿನಿಂದ ನಮ್ಮಲ್ಲೇ ಪಾಯಸ ಬಡಿಸಿದಳು. ಚಪ್ಪರದ ತುಂಬ ಬಣ್ಣದ ದೀಪ ಉರಿಯಿತು. ರಾತ್ರಿ ಅವಳನ್ನು ಮನೆಗೆ ಬಿಡಲು ಹೋಗಿ ನೋಡಿದರೆ ಬಲ್ಬು ಆರಿ ಪೆಟ್ಟಿಗೆ ತಣ್ಣಗಿತ್ತು.

“ಈ ಕಾಯ್ದೆ ಬರೆದೋರ ಕೈ ಸೇದ್ಹೋಗ!” ಅಂದಳು. “ಎರಡು ಯೂನಿಟ್ಟೂ ನೆಟ್ಟಗೆ ಕೊಡಲ್ವಲ್ಲೋ.”

“ಹೂಂ ಕಣಕ್ಕ,” ಅಂದೆ.

“ಮೊಟ್ಟೆ ಇದ್ವಲ್ಲ, ನಿನ್ ತಂಗಿಗೆ ಕರೆಂಟ್ ಮುಯ್ಯಿ ಮಾಡಕ್ಕಾಗ್ಲಿಲ್ಲ. ಒಂದ್ ಜೊತೆ ಮರಿನಾದ್ರೂ ಕೊಡಣ ಅಂತಿದ್ದೆ.”

ಹಿತ್ತಲಲ್ಲಿ ನಾನೇ ಗುಂಡಿ ತೋಡಿಕೊಟ್ಟೆ. ಇನ್ನೆರಡು ದಿನಕ್ಕೆ ಮರಿಯಾಗಬೇಕಿದ್ದ ಮೊಟ್ಟೆಗಳನ್ನು ಒಂದೊಂದಾಗಿ ಅದರಲ್ಲಿಟ್ಟೆ. ಮೂವತ್ತಾರು ಇದ್ದವು.