ಆಮೆಮರಿಗೆ ಒಂದು ತಟ್ಟೆ ನೀರು

ಮೈಸೂರಿನ ಒಂದು ಮನೆ. ಅತ್ತೆ, ಸೊಸೆ, ಪುಟ್ಟ ಮೊಮ್ಮಗಳು... ಇರುವುದು ಮೂವರೇ.

ಮನೆಯ ಮಗ ಎರಡು ವರ್ಷದ ಹಿಂದೆ ಕಾವೇರಿಯಲ್ಲಿ ಈಜಲು ಇಳಿದವನು ಮೇಲೆ ಬರಲಿಲ್ಲ.

ಅಂದಿನಿಂದ ಅವನ ಮಾತನ್ನು ಯಾರೂ ಎತ್ತಿರಲಿಲ್ಲ. ತಾಯಿ ವಿಶಾಲಾಕ್ಷಮ್ಮನವರ ಮುಖ ನೋಡಿದರೆ ಎತ್ತುವ ಧೈರ್ಯವೂ ಬರುತ್ತಿರಲಿಲ್ಲ.

ಮಗುವಿನ ಮನಸ್ಸು ಸ್ವಲ್ಪ ಅರಳಲಿ ಎಂದು ಸೊಸೆ ಹೇಮಾ ಒಂದು ಆಮೆಮರಿ ತಂದಳು. ನಮ್ಮ ಕಾಡಿನ ಆಮೆಯಲ್ಲ, ಹೊರದೇಶದ ತಳಿ. ಕಾಗದಪತ್ರದ ಸಮೇತ ಬಂದದ್ದು. ಅಂಗೈಯಲ್ಲಿ ಅಡಗುವಷ್ಟು ಚಿಕ್ಕದು.

ಹಾಲ್‌ನ ಮೂಲೆಯಲ್ಲಿ ದೊಡ್ಡ ಗಾಜಿನ ಪೆಟ್ಟಿಗೆ ಇಟ್ಟರು. ಒಳಗೆ ತೆಂಗಿನ ನಾರಿನ ಪುಡಿ ಹರಡಿ ಒಂದೆಲಗ, ಜರಿಗಿಡ, ಹುಲ್ಲು ನೆಟ್ಟರು. ಒಂದು ಕಡೆ ಬಿಸಿಲಿಗೆ ಬದಲಾಗಿ ಬಲ್ಬು, ಇನ್ನೊಂದು ಕಡೆ ನೆರಳು. ನಡುವೆ ನೀರಿನ ತಟ್ಟೆ.

"ಇದರ ಹೆಸರು ಬೋಂಡಾ," ಎಂದಳು ಮೊಮ್ಮಗಳು ಇಂಪನಾ.

"ಅಯ್ಯೋ ರಾಮ! ವಿಷ್ಣುವಿನ ಅವತಾರಕ್ಕೆ ಬೋಂಡಾ ಅಂತೀಯಲ್ಲೇ!"

"ಎಣ್ಣೇಲಿ ಕರಿದ ಹಂಗೇ ಇದೆ ನೋಡಜ್ಜಿ!"

ಎಷ್ಟೋ ಕಾಲದ ಮೇಲೆ ಅಜ್ಜಿ ನಕ್ಕರು...

ಆ ನಗು ಮರುದಿನದವರೆಗೆ ಉಳಿಯಲಿಲ್ಲ. ತಟ್ಟೆಯ ಅಂಚು ಹತ್ತಲು ಹೋದ ಬೋಂಡಾ ನೀರಿನಲ್ಲಿ ಅಂಗಾತ ಬಿತ್ತು. ನಾಲ್ಕೂ ಕಾಲು ಬಡಿಯತೊಡಗಿತು.

ಅಜ್ಜಿ ಚೀರುತ್ತಾ ಓಡಿಬಂದು ಅದನ್ನು ಎತ್ತಿಕೊಂಡರು. ತಟ್ಟೆಯನ್ನು ತೆಗೆದು ಬಚ್ಚಲಿಗೆ ಎಸೆದರು.

"ಇನ್ಮೇಲೆ ಇದರ ಹತ್ರ ಒಂದು ತೊಟ್ಟು ನೀರು ಇಡಕೂಡದು, ಮುಳುಗಿಹೋಗತ್ತೆ! ಸೊಪ್ಪಿನಲ್ಲಿರೋ ನೀರೇ ಸಾಕು ಇದಕ್ಕೆ!"

ಹೇಮಾ ಏನೋ ಹೇಳಹೊರಟಳು... ಅತ್ತೆಯ ಕಣ್ಣು ನೋಡಿ ಸುಮ್ಮನಾದಳು.

ಸ್ವಲ್ಪ ದಿನ ಎಲ್ಲವೂ ಸರಿಯಿದ್ದಂತೆಯೇ ಇತ್ತು. ಆಮೇಲೆ ಗಿಡಗಳಡಿಯ ಪುಡಿ ಒಣಗಿ ಧೂಳಾಯಿತು. ಬೋಂಡಾ ತನಗೆ ಪ್ರಾಣವಾಗಿದ್ದ ದಾಸವಾಳದ ಹೂವನ್ನೂ ಮೂಸದಾಯಿತು. ಕಣ್ಣು ಗುಳಿಬಿದ್ದು ಮುಚ್ಚಿಕೊಂಡಿತು.

"ಚಳಿಯಾಗಿರಬೇಕು," ಎಂದು ಅಜ್ಜಿ ಬಲ್ಬನ್ನು ಇನ್ನಷ್ಟು ಹತ್ತಿರಕ್ಕೆ ಇಳಿಸಿದರು! ತುಪ್ಪದ ದೀಪ ಹಚ್ಚಿ ಹರಕೆ ಹೊತ್ತರು. "ನರಸಿಂಹಾ... ಈ ಮನೆಯಿಂದ ಇನ್ನೊಂದು ಜೀವ ಕರ್ಕೋಬೇಡಪ್ಪಾ..."

ಬೆಳಿಗ್ಗೆ ಎತ್ತಿಕೊಂಡರೆ ಬೋಂಡಾ ಒಣಗಿದ ಎಲೆಯಂತೆ ಹಗುರ. ಕಾಲು ಮುಟ್ಟಿದರೂ ಒಳಗೆ ಎಳೆದುಕೊಳ್ಳಲಿಲ್ಲ.

ಮೂವರೂ ಆಟೋ ಹತ್ತಿ ಪ್ರಾಣಿಗಳ ಡಾಕ್ಟರ ಬಳಿಗೆ ಓಡಿದರು.

"ಏನು ಪುಟ್ಟಿ, ನಿನ್ನ ಬೋಂಡಾ ಆರಿಹೋಗಿದೆಯಲ್ಲ?" ಎಂದು ಇಂಪನಾ ಹೇಳಿದ ಹೆಸರಿಗೆ ನಗುತ್ತಲೇ ಕೈಗೆ ತೆಗೆದುಕೊಂಡ ಡಾಕ್ಟರಮ್ಮನ ಮುಖ ಗಂಭೀರವಾಯಿತು.

"ಇದಕ್ಕೆ ನೀರು ಯಾವಾಗ ಇಟ್ಟಿದ್ರಿ?"

ಹೇಮಾ ಅತ್ತೆಯ ಕಡೆ ತಿರುಗಿದಳು.

"ಇದಕ್ಕೆ ಕಾಯಿಲೆ ಇಲ್ಲಮ್ಮ, ಬಾಯಾರಿಕೆ. ಇಷ್ಟು ಚಿಕ್ಕ ಮರಿಗೆ ದಿನಾ ನೀರಿನ ಸ್ನಾನ ಬೇಕು. ಈಗ ಗಂಟಲಿಗೆ ಟ್ಯೂಬ್ ಹಾಕಿದ್ರೆ ಇದರ ಜೀವ ತಡಿಯಲ್ಲ. ಅದಾಗಿ ಅದೇ ಕುಡೀಬೇಕು. ಕುಡೀಲಿಲ್ಲ ಅಂದ್ರೆ..."

ಡಾಕ್ಟರು ಒಂದು ಟ್ರೇಗೆ ಉಗುರುಬೆಚ್ಚಗಿನ ನೀರು ಹಾಕಿದರು. ಆಮೆಯ ಗದ್ದ ಮುಟ್ಟುವಷ್ಟು ಮಾತ್ರ.

ಇಂಪನಾ ಅಜ್ಜಿಯ ಸೆರಗು ಹಿಡಿದಳು. "ಅಜ್ಜಿ... ನೀರು ಕೊಟ್ರೆ ಮುಳುಗತ್ತೆ ಅಂದ್ಯಲ್ಲ... ಕೊಡದೇ ಇದ್ರೂ ಸಾಯತ್ತಾ?"

ವಿಶಾಲಾಕ್ಷಮ್ಮ ಕೈಯೊಡ್ಡಿ ಮುಂದೆ ಬಂದರು.

"ಕೊಡಿ ಡಾಕ್ಟ್ರೇ. ನೀರು ತಪ್ಪಿಸಿದವಳು ನಾನು... ನಾನೇ ಬಿಡ್ತೀನಿ."

ಬೋಂಡಾವನ್ನು ಎರಡೂ ಕೈಯಲ್ಲಿ ಹಿಡಿದು ಟ್ರೇ ಮುಂದೆ ನಿಂತರು. ನೀರು ಕಂಡೊಡನೆ ಸ್ನಾನದ ಶ್ಲೋಕ ತಾನಾಗಿ ಬಾಯಿಗೆ ಬಂತು. ಗಂಗೆ, ಯಮುನೆ, ಗೋದಾವರಿ, ಸರಸ್ವತಿ, ನರ್ಮದೆ, ಸಿಂಧು...

ಅಲ್ಲಿಗೆ ನಿಂತುಹೋಯಿತು. ಕಡೆಯ ನದಿಯ ಹೆಸರನ್ನು ಅವರು ಎರಡು ವರ್ಷದಿಂದ ನಾಲಿಗೆಗೆ ತಂದಿರಲಿಲ್ಲ. ಕೈ ಕೆಳಗಿಳಿಯದು...

"ಅಜ್ಜಿ, ಇನ್ನೊಂದು ಉಳೀತು."

"ಗೊತ್ತು ಕಣೇ..." ಅಜ್ಜಿ ಕಣ್ಣು ಮುಚ್ಚಿದರು. "ಕಾವೇರಿ... ತಾಯೀ, ಇದನ್ನಾದ್ರೂ ಉಳಿಸ್ಕೊಡು."

ಮೆಲ್ಲನೆ ನೀರಿಗೆ ಬಿಟ್ಟರು.

ಬೋಂಡಾ ಅಲುಗಲಿಲ್ಲ.

ಆಮೇಲೆ ಕತ್ತು ನಿಧಾನವಾಗಿ ಹೊರಗೆ ಬಂತು. ಬಾಗಿತು. ಮೂಗು, ಕಣ್ಣು, ಇಡೀ ತಲೆಯೇ ನೀರಿನೊಳಗೆ ಹೋಯಿತು!

"ಮುಳುಗ್ತಾ ಇದೆ!" ಅಜ್ಜಿ ಎತ್ತಲು ಕೈ ಚಾಚಿದರು. ಹೇಮಾ ಗಟ್ಟಿಯಾಗಿ ಆ ಕೈ ಹಿಡಿದುಕೊಂಡಳು. ಅತ್ತೆಯನ್ನು ಅವಳು ತಡೆದದ್ದು ಅದೇ ಮೊದಲು.

"ಬೇಡ ಅತ್ತೆ... ತಡೀರಿ!"

"ಮುಟ್ಟಬೇಡಿ," ಎಂದರು ಡಾಕ್ಟರು. "ಗಂಟಲು ನೋಡಿ."

ಆ ಪುಟ್ಟ ಗಂಟಲು ಏರುತ್ತಿತ್ತು, ಇಳಿಯುತ್ತಿತ್ತು... ಬೋಂಡಾ ಕುಡಿಯುತ್ತಿತ್ತು. ಆಮೆ ನೀರು ಕುಡಿಯುವುದೇ ಹಾಗೆ, ತಲೆ ಮುಳುಗಿಸಿ!

ಬಹಳ ಹೊತ್ತಿನ ಮೇಲೆ ತಲೆಯೆತ್ತಿ ಒಂದು ಕಣ್ಣು ಬಿಟ್ಟಿತು.

ವಿಶಾಲಾಕ್ಷಮ್ಮ ಅಲ್ಲೇ ಸ್ಟೂಲಿನ ಮೇಲೆ ಕುಸಿದು, ಸೊಸೆಯ ಹೆಗಲಿಗೆ ಮುಖವಿಟ್ಟು ಅತ್ತರು. ಮಗ ಹೋದ ದಿನವೂ ಅವರು ಹಾಗೆ ಅತ್ತಿರಲಿಲ್ಲ.

ವಾಪಸು ಬರುವಾಗ ಆಟೋದಲ್ಲಿ ಇಂಪನಾ ಮೆಲ್ಲಗೆ ಕೇಳಿದಳು.

"ಅಜ್ಜಿ... ಅಪ್ಪ ಚೆನ್ನಾಗಿ ಈಜ್ತಿದ್ರಾ?"

ಅಜ್ಜಿ ಸೆರಗಿನಿಂದ ಮುಖ ಒರೆಸಿಕೊಂಡರು. "ಈಜ್ತಿದ್ನಾ ಅಂತ ಕೇಳ್ತೀಯಾ! ನಿನ್ನಷ್ಟಿದ್ದಾಗ ಹಿತ್ತಿಲ ತೊಟ್ಟೀಲಿ ಇಳಿದು ಕೂತ್ರೆ, ಏಟು ಕೊಟ್ರೂ ಮೇಲೆ ಬರ್ತಿರ್ಲಿಲ್ಲ ಕಣೇ ನಿಮ್ಮಪ್ಪ... ಬಾ ಇಲ್ಲಿ, ಹೇಳ್ತೀನಿ..."

ಮನೆ ತಲುಪಿದರೂ ಆ ಮಾತು ಮುಗಿದಿರಲಿಲ್ಲ.

*

ಭಯವೂ ಕೆಲವೊಮ್ಮೆ ಪ್ರೀತಿಯ ವೇಷದಲ್ಲೇ ಬರುತ್ತದೆ... ಅದರ ಮಾತು ಕೇಳುವ ಮೊದಲು ಮುಖ ನೋಡಬೇಕು.

ನಮ್ಮವರು ಕ್ಷೇಮವಾಗಿರಲಿ ಎಂದು ನಾವು ಅವರ ಮುಂದಿನಿಂದ ಎತ್ತಿಟ್ಟಿರುವ ನೀರಿನ ತಟ್ಟೆ ಯಾವುದು? ಒಮ್ಮೆ ಯೋಚಿಸೋಣವೇ?