ಬರ್ಮಾದಿಂದ ಬಂದ ಪದಕ

ಪದಕ ಅಸಲಿಯಲ್ಲ ಎಂಬ ಅನುಮಾನ ದೇಜಪ್ಪನ ಮುಖದಲ್ಲೇ ಎದ್ದು ಕಾಣುತ್ತಿತ್ತು. ಸೀಬ್‌ನಿಂದ ಬಂದ ಸುಕೇಶ ಅದನ್ನು ಟೀಪಾಯಿಯ ಮೇಲಿಟ್ಟು ಆಗಲೇ ಒಂದು ಚಹಾ ಕುಡಿದು ಮುಗಿಸಿದ್ದ. ದೇಜಪ್ಪ ಪದಕವನ್ನು ಇನ್ನೂ ಮುಟ್ಟಿರಲಿಲ್ಲ. ಕಪ್ಪು ಹಿಡಿದ ಬೆಳ್ಳಿ, ಒಂದು ಬದಿಯಲ್ಲಿ ವಿಕ್ಟೋರಿಯಾ ರಾಣಿಯ ಮುಖ. ಒಮಾನಿನ ಮತ್ರಾ ಸೂಕ್‌ನಲ್ಲಿ, ಆ ಹಳೇ ಪೇಟೆಯಲ್ಲಿ, ಬೆಳ್ಳಿ ಅಂಗಡಿ ನೋಡಿಕೊಳ್ಳುವ ದೇಜಪ್ಪ, ಪ್ರವಾಸಿಗರ ತಲೆಗೆ ಕಟ್ಟುವ ಇಂಥ ನಕಲಿಗಳನ್ನು ಬೇಕಾದಷ್ಟು ಕಂಡಿದ್ದ.

“ಬರ್ಮಾ ಯುದ್ಧದ್ದು, ದೇಜಪ್ಪಣ್ಣ. ಮದ್ರಾಸ್ ಪಲ್ಟನ್ನಿನ ಸಿಪಾಯಿಗೆ ಕೊಟ್ಟದ್ದು,” ಎಂದ ಸುಕೇಶ. “ಆ ಜನ ವಾಪಸ್ ಬರ್ಲಿಲ್ಲ. ಮನೆಗೆ ಬಂದದ್ದು ಇದೊಂದೇ.”

“ಮಕ್ಕಳು?” ಕೇಳಿದ ದೇಜಪ್ಪ.

“ಇಲ್ಲ. ತಂಗಿಯ ಸಂತಾನ ನಾವು,” ಎಂದಳು ಸುಕೇಶನ ತಾಯಿ ಸೇಸಮ್ಮ.

ಮನೆತನದ ಬಡಾಯಿ ಕೊಚ್ಚುವವರನ್ನು ಕಂಡರೆ ದೇಜಪ್ಪನಿಗೆ ಮೈಯೆಲ್ಲ ಉರಿಯುತ್ತಿತ್ತು. ಆದರೆ ಇಂದು ರೂವಿಯ ತನ್ನ ಫ್ಲ್ಯಾಟಿನಲ್ಲಿ ಸಿಟ್ಟು ಮಾಡಿಕೊಳ್ಳುವ ಹಾಗಿರಲಿಲ್ಲ. ನಡೆಯುತ್ತಿದ್ದದ್ದು ಮಗಳು ಯಶ್ಮಿತಾಳ ಮದುವೆಯ ಮಾತು. ಒಪ್ಪಿಗೆಯಾದರೆ ಹಾಲ್ ಇಲ್ಲ, ವಾಲಗ ಇಲ್ಲ, ಇಂದೇ ಮುಗಿಸುವುದೆಂದು ಫೋನಿನಲ್ಲೇ ತೀರ್ಮಾನವಾಗಿತ್ತು.

ಊರಿನಲ್ಲಿ ಸಂಬಂಧ ಹುಡುಕಿ ಅವನು ಸೋತಿದ್ದ. ಹುಡುಗಿ ಒಮಾನಿನವಳು, ಊರಿನ ಮಣ್ಣಿಗೆ ಬಂದವಳಲ್ಲ, ನಮಗೆ ಸರಿಹೋಗದು ಎಂದು ಕೇಳಿದವರೆಲ್ಲ ಒಂದೇ ರಾಗ ತೆಗೆದರು. ಇತ್ತ ಮಗ ಲತೇಶನ ನಿಶ್ಚಯ ಎರಡು ಸಲ ಮುರಿದುಬಿತ್ತು. ಅಕ್ಕನನ್ನು ಹಾಗೇ ಬಿಟ್ಟು ತಮ್ಮನಿಗೆ ಮಾಡಲು ಹೊರಟರೆ ಇನ್ನೇನಾದೀತು ಎಂದು ಹಿರಿಯರು ಮುಖಕ್ಕೆ ಹೊಡೆದಂತೆ ಹೇಳಿದ್ದರು.

“ಅವಳು ಅಳ್ತಾಳೆ, ನಿಮಗೆ ಕೇಳುವುದಿಲ್ಲ,” ಎಂದು ಹೆಂಡತಿ ವಾರಿಜಾಕ್ಷಿ ದಿನವೂ ಗೋಳಾಡುತ್ತಿದ್ದಳು. ದೇಜಪ್ಪನಿಗೆ ನಿಜಕ್ಕೂ ಕೇಳುತ್ತಿರಲಿಲ್ಲ. ಅವನ ಸಂಕಟವೇ ಅದು.

ಎರಡು ಕುಟುಂಬಗಳ ಬರಿ, ಅಂದರೆ ತಾಯಿ ಕಡೆಯ ಗೋತ್ರ, ಬೇರೆ ಬೇರೆ, ಆ ಅಡ್ಡಿ ಇರಲಿಲ್ಲ. ಸೇಸಮ್ಮ ಯಶ್ಮಿತಾಳ ಫೋಟೋ ನೋಡಿ, “ಚಂದದ ಹುಡುಗಿ,” ಎಂದು ಸೆರಗಿನಿಂದ ಕಣ್ಣೊರೆಸಿಕೊಂಡಳು.

“ಹುಡುಗನಿಗೆ ಪ್ರಾಯ ಜಾಸ್ತಿ ಆಯ್ತಲ್ಲಾ?” ವಾರಿಜಾಕ್ಷಿ ಅಳುಕುತ್ತ ಕೇಳಿದಳು.

“ಪ್ರಾಯ ನೋಡ್ತಾ ಕೂತ್ರೆ ಆಗ್ಲಿಕ್ಕುಂಟಾ ಅಕ್ಕಾ? ನಮ್ಮವ ಕಾದದ್ದು ಸಾಕು. ಪರದೇಶದಲ್ಲಿ ಒಬ್ಬನೇ ಇದ್ದಾನೆ,” ಎಂದಳು ಸೇಸಮ್ಮ.

“ಇವಳೂ ಒಬ್ಬಳೇ,” ಎಂದಳು ವಾರಿಜಾಕ್ಷಿ.

ದೇಜಪ್ಪ ಗಂಟಲು ಸರಿಮಾಡಿಕೊಂಡ. “ಮೊದಲು ಪದಕದ್ದು ಆಗ್ಲಿ. ಇದು ಸುಳ್ಳಾದ್ರೆ ನಿಮ್ಮ ಹುಡುಗನೂ ಸುಳ್ಳು. ಖಲಾಸ್.”

“ನೋಡಿ ದೇಜಪ್ಪಣ್ಣ,” ಎಂದ ಸುಕೇಶ, ಮುಖ ಸಣ್ಣದು ಮಾಡಿಕೊಂಡು. “ಅಂಚಿನಲ್ಲಿ ಹೆಸರುಂಟು.”

ಆ ಕಾಲದಲ್ಲಿ ಪದಕದ ಅಂಚಿನಲ್ಲಿ ಸಿಪಾಯಿಯ ಹೆಸರು ಕೊರೆಯುತ್ತಿದ್ದರು. ಸೂಕ್‌ನ ನಕಲಿಗಳ ಅಂಚು ಬೋಳು. ವಾರಿಜಾಕ್ಷಿ ದೇವರ ಕೋಣೆಯಿಂದ ವಿಭೂತಿ ತಂದುಕೊಟ್ಟಳು. ದೇಜಪ್ಪ ಉಜ್ಜಿದ. ಕಪ್ಪಿನಡಿಯಿಂದ ಇಂಗ್ಲಿಷ್ ಅಕ್ಷರಗಳು ಒಂದೊಂದಾಗಿ ಮೇಲೆ ಬಂದವು. ಕಿಟಕಿಯ ಬೆಳಕಿಗೆ ಹಿಡಿದು ಓದಿದ. ಸಿಪಾಯಿ ದೂಮ. ಫೋನಿನಲ್ಲಿ ಸುಕೇಶ ಹೇಳಿದ್ದ ಹೆಸರೇ.

“ಅಸಲಿ,” ಎಂದ ದೇಜಪ್ಪ. ಅವನಿಗೆ ಅಳು ಬಂತು, ತಡೆಯಲು ಹೋಗಲಿಲ್ಲ. “ಸೇಸಮ್ಮಾ, ನಮಗೆ ಒಪ್ಪಿಗೆ.”

ಸೇಸಮ್ಮ ತಾನು ತಂದಿದ್ದ ಬಿಳಿ ಪಂಚೆಯನ್ನು ಒಂದು ಕುರ್ಚಿಯ ಮೇಲೆ ಹಾಸಿ ಅದರ ಮೇಲೆ ಪದಕವನ್ನಿಟ್ಟಳು. ಪಕ್ಕದ ಕುರ್ಚಿಯಲ್ಲಿ ವಾರಿಜಾಕ್ಷಿ ಕೆಂಪು ಸೀರೆ, ಬಳೆ, ಕರಿಮಣಿ ಇಟ್ಟಳು. ಸುಕೇಶ ಚೊಂಬಿನಲ್ಲಿ ನೀರು ತಂದು ಕೊಟ್ಟ. ದೇಜಪ್ಪ ನೀರಿನತ್ತ ನೋಡದೆಯೇ ಚೊಂಬು ತೆಗೆದುಕೊಂಡ.

ಮದುವೆಯಾಗದೆ ಸತ್ತವರಿಗೆ ತುಳುವರು ಸತ್ತವರಲ್ಲೇ ಜೋಡಿ ಹುಡುಕುತ್ತಾರೆ. ನಿಜ್ವಾ ದಾರಿಯ ಒಣಹಳ್ಳದಲ್ಲಿ ದಿಢೀರನೆ ನೆರೆ ಬಂದು ಕೊಚ್ಚಿಹೋಗಿ, ಹೆಣವೂ ಸಿಗದ ಮಗಳನ್ನು, ನೂರಮೂವತ್ತೆಂಟು ವರ್ಷಗಳ ಹಿಂದೆ ಬರ್ಮಾದ ಕಾಡಿನಲ್ಲಿ ಸತ್ತ ದೂಮನಿಗೆ ಅಪ್ಪ ಧಾರೆಯೆರೆದು ಕೊಟ್ಟ.